ಇಂದ್ರಮ್ಮನ ಮನೆಯ ಮೂರು ಕ್ಯಾಮೆರಾಗಳು

ಸೋಮವಾರ ಬೆಳಿಗ್ಗೆ ಶಿವಶಂಕರ್ ತಮ್ಮ ಕಂಪ್ಯೂಟರಿನ ಪರದೆಯನ್ನು ಸುಷ್ಮಿತಾಳ ಕಡೆಗೆ ತಿರುಗಿಸಿ, "ಇದು ನೀವು ಮಗು ಬಿಡೋ ಮನೆ ಅಲ್ವೇನ್ರೀ?" ಎಂದಾಗ ಮಗುವಿಗೇನೋ ಆಯಿತೆಂದು ಅವಳು ಎದ್ದೇ ನಿಂತಳು. ಮಗುವಿಗೇನೂ ಆಗಿರಲಿಲ್ಲ. ಆಗಿದ್ದೆಲ್ಲ ಆ ಮನೆಯ ಕ್ಯಾಮೆರಾಗಳಿಗೆ.

ದಟ್ಟಗಳ್ಳಿಯಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ಸಣ್ಣ ಕಂಪನಿ ಅದು. ಮಾಲೀಕರು ಶಿವಶಂಕರ್, ಕಂಬ ಹತ್ತಿ ತಂತಿ ಎಳೆಯುವವನು ಮಾಧವ, ದೂರು ಕೇಳಿಸಿಕೊಳ್ಳುವವಳು ಸುಷ್ಮಿತಾ. ಏಳು ವರ್ಷದಲ್ಲಿ ಅವಳು ಕೇಳಿಸಿಕೊಳ್ಳದ ಬೈಗುಳವಿಲ್ಲ. ಮಳೆ ಬಂದರೂ ಅವಳ ತಪ್ಪು, ಇಲಿ ತಂತಿ ಕಡಿದರೂ ಅವಳ ತಪ್ಪು, ಕ್ರಿಕೆಟ್ ಮ್ಯಾಚು ಕೊನೆಯ ಓವರಿನಲ್ಲಿ ನಿಂತುಹೋದರಂತೂ ಅವಳ ಹೆತ್ತವರ ತಪ್ಪು. ಆದರೆ ಈ ಸಲದ ದೂರು ಮೇಲಿನಿಂದ ಬಂದಿತ್ತು. ಇವರಿಗೆ ಲೈನ್ ಕೊಡುವ ಬೆಂಗಳೂರಿನ ದೊಡ್ಡ ಕಂಪನಿಯೊಂದು ಮೇಲ್ ಕಳಿಸಿತ್ತು. ಯಾವುದೋ ದೇಶದ ಯಾವುದೋ ಆಸ್ಪತ್ರೆಯ ವೆಬ್‌ಸೈಟಿನ ಮೇಲೆ ಲಕ್ಷಾಂತರ ಯಂತ್ರಗಳು ಒಂದೇ ಸಲ ಮುಗಿಬಿದ್ದು ಅದನ್ನು ಮಲಗಿಸಿದ್ದವು. ಹಾಗೆ ಮುಗಿಬಿದ್ದವುಗಳಲ್ಲಿ ದಟ್ಟಗಳ್ಳಿ ಮೂರನೇ ಹಂತದ ಇಂದ್ರಮ್ಮ ಎಂಬುವರ ಮನೆಯ ಮೂರು ಕ್ಯಾಮೆರಾಗಳೂ ಇದ್ದವು. ಶುಕ್ರವಾರ ಸಂಜೆ ಐದರೊಳಗೆ ಇದು ನಿಲ್ಲಬೇಕು, ಇಲ್ಲವೇ ಆ ಮನೆಯ ಕನೆಕ್ಷನ್ ಕೀಳಬೇಕು. ಎರಡೂ ಆಗದಿದ್ದರೆ ನಿಮ್ಮ ಇಡೀ ಲೈನನ್ನೇ ನಾವು ಕೀಳುತ್ತೇವೆ, ಎಂದು ಬಹಳ ಮರ್ಯಾದೆಯಿಂದ ಬರೆದಿದ್ದರು.

"ಶುಕ್ರವಾರದವರೆಗೂ ಯಾಕ್ರೀ ಕಾಯೋದು? ಈಗ್ಲೇ ಕಿತ್ತಾಕ್ಬಿಡೋಣ," ಎಂದರು ಶಿವಶಂಕರ್.

"ಬೇಡಿ ಸರ್, ನಾನು ಸರಿ ಮಾಡ್ತೀನಿ."

"ಮಾಡಿ. ಆದ್ರೆ ಶುಕ್ರವಾರ ಐದು ಗಂಟೆ ಅಂದ್ರೆ ಐದು ಗಂಟೆ. ಆಮೇಲೆ ನನ್ನ ಬೈಕೋಬೇಡಿ."

ಕೀಳುವುದು ಶಿವಶಂಕರ್‌ಗೆ ಒಂದು ತಂತಿಯ ಮಾತು. ಇಂದ್ರಮ್ಮನಿಗೆ ಅದು ಜೀವನದ ಮಾತು. ಗಂಡ ನಂಜಯ್ಯ ಬೆಳಗಾಗುತ್ತಲೇ ಬನ್ನಿಮಂಟಪಕ್ಕೆ ಕೆಲಸಕ್ಕೆ ಹೊರಟ ಮೇಲೆ ಆ ಮನೆ ಪೂರ್ತಿ ಮಕ್ಕಳದ್ದು. ಹನ್ನೊಂದು ಮಕ್ಕಳು, ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರರವರೆಗೆ. ತಾಯಂದಿರೆಲ್ಲ ಕೆಲಸಕ್ಕೆ ಹೋಗುವವರು. ಎರಡು ವರ್ಷದ ಹಿಂದೆ ಅವರೇ ಸೇರಿಕೊಂಡು ಅಲ್ಲಿ ಕ್ಯಾಮೆರಾ ಹಾಕಿಸಿದ್ದರು: ಹಾಲಿಗೆ ಒಂದು, ಮಲಗಿಸುವ ಕೋಣೆಗೆ ಒಂದು, ಗೇಟಿಗೆ ಒಂದು. ಕೂತಲ್ಲೇ ಫೋನು ತೆರೆದು ಮಗು ಉಂಡಿತೇ, ಮಲಗಿತೇ ಎಂದು ನೋಡಬಹುದು. ಕಂಡರೆ ಮಗುವನ್ನು ಬಿಡುತ್ತೇವೆ, ಕಾಣದಿದ್ದರೆ ಬಿಡುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಕನೆಕ್ಷನ್ ಹೋದರೆ ಹನ್ನೊಂದು ಮಕ್ಕಳೂ ಹೋದಂತೆ, ಇಂದ್ರಮ್ಮ ಬಾಗಿಲು ಹಾಕಿದಂತೆ. ಆಮೇಲೆ ತನ್ನ ಮೂರು ವರ್ಷದ ಸಿಂಚನಳನ್ನು ಎಲ್ಲಿ ಬಿಡುವುದು? ಗಂಡ ಸಿದ್ದೇಶ್‌ಗೆ ಫ್ಯಾಕ್ಟರಿಯಲ್ಲಿ ಶಿಫ್ಟು. ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕಾದವಳು ಸುಷ್ಮಿತಾಳೇ, ಅದರಲ್ಲಿ ಎರಡು ಮಾತಿರಲಿಲ್ಲ.

ಕ್ಯಾಮೆರಾಗಳಿಗೆ ಬಂದಿದ್ದ ರೋಗವೇನೂ ದೊಡ್ಡ ಗುಟ್ಟಲ್ಲ. ಇಂಟರ್ನೆಟ್ಟಿಗೆ ಬಾಗಿಲು ತೆರೆದುಕೊಂಡ ಕ್ಯಾಮೆರಾಗಳನ್ನು ಹುಡುಕುತ್ತ ಅಲೆಯುವ ಕೇಡಿನ ಪ್ರೋಗ್ರಾಂ ಒಂದಿರುತ್ತದೆ. ಸಿಕ್ಕಿದ ಕಡೆಯಲ್ಲೆಲ್ಲ ಅದು ಫ್ಯಾಕ್ಟರಿಯವರು ಹಾಕಿ ಕಳಿಸಿದ ಪಾಸ್‌ವರ್ಡನ್ನು ಒತ್ತಿ ನೋಡುತ್ತದೆ. ಕೊಂಡವರು ಅದನ್ನು ಬದಲಾಯಿಸಿರುವುದಿಲ್ಲವಲ್ಲ, ಬಾಗಿಲು ತೆರೆಯುತ್ತದೆ. ಒಳಗೆ ಸೇರಿ ತೆಪ್ಪಗೆ ಕೂರುತ್ತದೆ. ಎಲ್ಲೋ ಕೂತ ಯಾವನೋ ಹೇಳಿದ ದಿನ, ಅವನು ಹೇಳಿದ ಕಡೆಗೆ, ಇಂಥದೇ ಲಕ್ಷ ಯಂತ್ರಗಳ ಜೊತೆ ನುಗ್ಗುತ್ತದೆ. ಇಷ್ಟೆಲ್ಲ ಆಗುತ್ತಿದ್ದರೂ ಕ್ಯಾಮೆರಾ ಮಾತ್ರ ಎಂದಿನಂತೆ ಮಕ್ಕಳನ್ನು ತೋರಿಸುತ್ತಲೇ ಇರುತ್ತದೆ, ಅದಕ್ಕೇ ಯಾರೂ ನಂಬುವುದಿಲ್ಲ. ಯಂತ್ರವನ್ನು ಒಮ್ಮೆ ಆರಿಸಿ ಮತ್ತೆ ಆನ್ ಮಾಡಿದರೆ ರೋಗ ಹೋಗುತ್ತದೆ. ಪಾಸ್‌ವರ್ಡ್ ಹಳೆಯದೇ ಇದ್ದರೆ ಅರ್ಧ ಗಂಟೆಯಲ್ಲಿ ವಾಪಸ್ಸು ಬರುತ್ತದೆ. ಆ ಬಾಗಿಲನ್ನೇ ಮುಚ್ಚಿಬಿಡೋಣವೆಂದರೆ ತಾಯಂದಿರು ಮಗುವನ್ನು ನೋಡುವುದೂ ಅದೇ ಬಾಗಿಲಿನಿಂದ.

ಸೋಮವಾರ ಹನ್ನೆರಡಕ್ಕೆ ಸುಷ್ಮಿತಾ ಹೋಗಿ ಮೂರೂ ಕ್ಯಾಮೆರಾ ಆರಿಸಿ ಆನ್ ಮಾಡಿ, ಉದ್ದನೆಯ ಹೊಸ ಪಾಸ್‌ವರ್ಡ್ ಕೊಟ್ಟಳು. 'ಇಂದ್ರಮ್ಮನ ಮಕ್ಕಳು' ಎಂಬ ವಾಟ್ಸಾಪ್ ಗುಂಪಿನಲ್ಲಿ ವಿಷಯ ಬಿಡಿಸಿ ಬರೆದು, ಎಲ್ಲರೂ ನಿಮ್ಮ ನಿಮ್ಮ ಫೋನಿನಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಹಾಕಿಕೊಳ್ಳಿ ಎಂದಳು. ಪಟಪಟನೆ ಹೆಬ್ಬೆರಳುಗಳು ಎದ್ದವು. ಬ್ಯಾಂಕಿನಲ್ಲಿ ಕೆಲಸ ಮಾಡುವ ಭವ್ಯಶ್ರೀ ಒಬ್ಬಳು, "ಇಷ್ಟುದ್ದ ಯಾಕ್ರೀ, ರೈಲ್ವೆ ಟಿಕೆಟ್ ನಂಬರಾ?" ಎಂದು ಕೇಳಿ, ಆಮೇಲೆ ಅವಳೂ ಹೆಬ್ಬೆರಳು ಎತ್ತಿದಳು. ಸಂಜೆಗೆ ಆಫೀಸಿನ ಪರದೆಯ ಮೇಲೆ ಇಂದ್ರಮ್ಮನ ಮನೆಯಿಂದ ಎಷ್ಟು ಡೇಟಾ ಹೊರಹೋಗುತ್ತಿದೆ ಎಂದು ತೋರಿಸುವ ಗೆರೆ ತಣ್ಣಗೆ ಮಲಗಿತ್ತು. ಮುಗಿಯಿತಲ್ಲ ಎಂದುಕೊಂಡು ಸುಷ್ಮಿತಾ ಮಗಳನ್ನು ಕರೆದುಕೊಂಡು ಮನೆಗೆ ಹೋದಳು.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಗೆರೆ ಮತ್ತೆ ಎದ್ದು ಕುಣಿಯುತ್ತಿತ್ತು. ಓಡಿಹೋಗಿ ನೋಡಿದರೆ ಅವಳ ಹೊಸ ಪಾಸ್‌ವರ್ಡ್ ಹಿಡಿಯುತ್ತಲೇ ಇಲ್ಲ. ಫ್ಯಾಕ್ಟರಿಯ ಒಂದು ಎರಡು ಮೂರು ನಾಲ್ಕು ಹಾಕಿದರೆ ಮೂರೂ ಕ್ಯಾಮೆರಾ ನೆಂಟರ ಹಾಗೆ ಬಾಗಿಲು ತೆರೆದವು.

"ಅಮ್ಮ, ಇದನ್ನ ಯಾರಾದ್ರೂ ಮುಟ್ಟಿದ್ರಾ? ಏನಾದ್ರೂ ಬದಲಾಯ್ಸಿದ್ರಾ?"

ಇಂದ್ರಮ್ಮ ಒಂದು ಮಗುವಿಗೆ ಮುಖ ತೊಳೆಸುತ್ತಿದ್ದರು. "ಮಕ್ಳ ಕೈಗೆ ಎಲ್ಲಿ ಎಟುಕ್ತದೆ ಕಣಮ್ಮ ಅದು? ನಾನೇನೂ ಬದ್ಲಾಯ್ಸಿಲ್ಲ," ಎಂದರು. ಸುಳ್ಳು ಹೇಳುವ ಹೆಂಗಸಲ್ಲ ಅದು. ಸುಷ್ಮಿತಾ ಮತ್ತೆ ಪಾಸ್‌ವರ್ಡ್ ಹಾಕಿದಳು.

ಬುಧವಾರವೂ ಅದೇ ಗೋಳು. ಅವಳಿಗೆ ತಲೆ ಚಿಟ್ಟು ಹಿಡಿದುಹೋಯಿತು. ಅಗ್ಗದ ಕ್ಯಾಮೆರಾ, ಕರೆಂಟು ಹೋಗಿಬಂದಾಗಲೆಲ್ಲ ಎಲ್ಲ ಮರೆತುಬಿಡುತ್ತದೋ ಏನೋ ಎನಿಸಿತು. ಡಬ್ಬದ ಮೇಲಿದ್ದ ನಂಬರಿಗೆ ಫೋನ್ ಮಾಡಿದರೆ ಒಂದು ಹಾಡು ಬಂತು, ಹಾಡು ಮುಗಿದು ಮತ್ತೆ ಮೊದಲಿಂದ ಶುರುವಾಯಿತು, ಮನುಷ್ಯರು ಬರಲಿಲ್ಲ. ಕ್ಯಾಮೆರಾ ಹಾಕಿಕೊಟ್ಟವನ ನಂಬರು ಚಾಲ್ತಿಯಲ್ಲಿರಲಿಲ್ಲ. ಕೊನೆಗೆ ಆಫೀಸಿನಲ್ಲಿ ಬಿದ್ದಿದ್ದ ಹಳೆಯ ಯುಪಿಎಸ್ಸನ್ನು ಸ್ಕೂಟರಿನ ಕಾಲಡಿ ಇಟ್ಟುಕೊಂಡು ಹೋಗಿ, ಕರೆಂಟು ಹೋದರೂ ಕ್ಯಾಮೆರಾ ಆರದ ಹಾಗೆ ಮಾಡಿದಳು. ಅದನ್ನು ಹೊತ್ತು ಮೆಟ್ಟಿಲು ಹತ್ತಿದ ಮೇಲೆ ಸೊಂಟ ಹಿಡಿದುಕೊಂಡಿತು. ಇಂದ್ರಮ್ಮ ಪಾಪ ಎಂದು ಬಿಸಿ ಕಾಫಿ ಕೊಟ್ಟರು.

ಗುರುವಾರ ಮತ್ತೆ ಗೆರೆ ಎದ್ದಿತು. ಹೋಗಿ ನೋಡಿದರೆ ಕರೆಂಟು ಹೋಗಿರಲಿಲ್ಲ, ಯುಪಿಎಸ್ಸು ಹಸಿರು ದೀಪ ಉರಿಸಿಕೊಂಡು ಸುಮ್ಮನೆ ಕೂತಿತ್ತು. ಆ ದೀಪ ನೋಡಿ ಅವಳಿಗೆ ಅಳು ಬಂತು. ಆಫೀಸಿಗೆ ವಾಪಸ್ಸು ಬಂದವಳಿಗೆ ಎದುರಾದವನು ಮಾಧವ. ಹದಿನೆಂಟು ವರ್ಷದಿಂದ ಕಂಬ ಹತ್ತುತ್ತಿರುವವನು, ಆ ಬೀದಿಯ ಲೈನಿನ ಕೆಲಸಕ್ಕೆಂದು ಆ ವಾರ ಎರಡು ಸಲ ಹೋಗಿಬಂದಿದ್ದ.

"ನೀವು ಅಲ್ಲಿ ಹೋಗಿ ಏನಾದ್ರೂ ಕೈಯಾಡ್ಸಿದ್ರಾ ಮಾಧವ?"

"ಇಲ್ಲ ಮೇಡಂ, ನಾನು ಕಂಬದಿಂದ ಇಳಿದೇ ಇಲ್ಲ."

"ಎಲ್ಲರೂ ಇಲ್ಲ ಅಂತೀರಿ! ಯಾರೂ ಮುಟ್ಟಿಲ್ಲ, ಯಾರೂ ಏನೂ ಮಾಡಿಲ್ಲ, ಹಾಗಾದ್ರೆ ದೆವ್ವ ಬಂದು ಮಾಡ್ತಾ ಇದೆಯಾ? ಮಾಡಿದ್ದನ್ನ ಮಾಡಿದೆ ಅಂತ ಹೇಳೋ ಧೈರ್ಯನೂ ಇಲ್ವಾ ನಿಮಗೆ?"

ಮಾಧವ ಹೆಲ್ಮೆಟ್ಟು ತೆಗೆದುಕೊಂಡು ಹೊರಗೆ ಹೋದ. ತಪ್ಪು ಮಾತಾಡಿದೆ ಎಂದು ಅವಳಿಗೆ ಆಗಲೇ ಗೊತ್ತಾಯಿತು. ಆದರೆ ಕ್ಷಮೆ ಕೇಳುವಷ್ಟು ಒಳ್ಳೆಯತನ ಆ ಗುರುವಾರ ಅವಳಲ್ಲಿ ಉಳಿದಿರಲಿಲ್ಲ.

"ನಾಳೆ ಐದು ಗಂಟೆ," ಎಂದು ಶಿವಶಂಕರ್ ಒಳಗಿನಿಂದ ನೆನಪಿಸಿದರು.

ಶುಕ್ರವಾರ ಅವಳು ರಜೆ ಹಾಕಿ, ಸಿಂಚನಳನ್ನು ಬಿಡಲು ಹೋದವಳು ಅಲ್ಲೇ ಕೂತುಬಿಟ್ಟಳು. ಒಂಬತ್ತು ಗಂಟೆಗೆ ಹೊಸ ಪಾಸ್‌ವರ್ಡ್ ಹಾಕಿ, ಗುಂಪಿನಲ್ಲಿ ಮತ್ತೆ ಬರೆದು, ಅಡುಗೆಮನೆಯ ಬಾಗಿಲಿಗೆ ಒರಗಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡಳು. ಯಾರು ಬರುತ್ತಾರೋ ಬರಲಿ, ಇವತ್ತು ಹಿಡಿದೇ ಹಿಡಿಯುತ್ತೇನೆ ಎಂದು ಹಲ್ಲು ಕಚ್ಚಿ ಕೂತಿದ್ದಳು. ಯಾರೂ ಬರಲಿಲ್ಲ. ಮಕ್ಕಳು ಅವಳ ಬೆನ್ನು ಹತ್ತಿ ಇಳಿದವು. ಒಂದು ಮಗು ಲ್ಯಾಪ್‌ಟಾಪಿಗೆ ಬಾಳೆಹಣ್ಣು ತಿನ್ನಿಸಲು ನೋಡಿತು.

ಹನ್ನೊಂದು ದಾಟಿ ಹತ್ತು ನಿಮಿಷಕ್ಕೆ ಇಂದ್ರಮ್ಮನ ಫೋನು ಹೊಡೆದುಕೊಂಡಿತು.

"ಅಂಗಾ ಮಗಾ? ಇರು, ಈಗ್ಲೇ ಸರಿ ಮಾಡ್ಬುಡ್ತೀನಿ."

ಫೋನಿಟ್ಟು ಇಂದ್ರಮ್ಮ ಗೋಡೆಯ ಮೂಲೆಗೆ ಸ್ಟೂಲು ಎಳೆದರು. ಎಡಗೈ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳಲ್ಲಿ ಒಂದನ್ನು ಬಿಡಿಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೂಲು ಹತ್ತಿ, ಕ್ಯಾಮೆರಾದ ತಳದಲ್ಲಿದ್ದ ಸಣ್ಣ ತೂತಿಗೆ ಪಿನ್ನಿನ ಮೊನೆ ಚುಚ್ಚಿ ಹಿಡಿದು ಎಣಿಸತೊಡಗಿದರು. ಒಂದು, ಎರಡು, ಮೂರು.

ಸುಷ್ಮಿತಾ ಲ್ಯಾಪ್‌ಟಾಪ್ ಕೆಳಗಿಟ್ಟು ಎದ್ದಳು. ಅದು ಎಲ್ಲವನ್ನೂ ಅಳಿಸಿ ಯಂತ್ರವನ್ನು ಫ್ಯಾಕ್ಟರಿಯಿಂದ ಬಂದ ಸ್ಥಿತಿಗೆ ಒಯ್ಯುವ ತೂತು.

"ಅಮ್ಮಾ! ಏನ್ ಮಾಡ್ತಿದೀರಾ?"

"ಸರಿ ಮಾಡ್ತಿವ್ನಿ ಕಣಮ್ಮ. ಕಾಣ್ತಿಲ್ವಂತೆ." ಇಂದ್ರಮ್ಮ ತಿರುಗಿ ನೋಡಲಿಲ್ಲ. "ಎಂಟು, ಒಂಬತ್ತು, ಹತ್ತು. ಇನ್ನೆರಡಕ್ಕೂ ಚುಚ್ಬುಟ್ರೆ ಆಯ್ತು."

"ಯಾರು ಫೋನ್ ಮಾಡಿದ್ದು?"

"ನಿಮ್ಮನೆಯವ್ರೇ. ಟೀ ಕುಡಿಯಾಕ್ ಬಿಟ್ಟಾಗ ಒಂದ್ಸಲ ಮಗೀನ ನೋಡ್ತಾರಲ್ಲ, ಪಾಪ. ದಿನಾ ಅವ್ರೇ ಅಂತಲ್ಲ. ಒಂದಿನ ಭವ್ಯಶ್ರೀ, ಒಂದಿನ ಇನ್ಯಾರೋ."

ಎಲ್ಲ ಹೆಬ್ಬೆರಳುಗಳ ಬಣ್ಣ ಆಗ ಬಯಲಾಯಿತು. ಗುಂಪಿನಲ್ಲಿ ಎತ್ತಿದ್ದಷ್ಟೇ, ಒಬ್ಬರೂ ತಮ್ಮ ಫೋನಿನಲ್ಲಿ ಪಾಸ್‌ವರ್ಡ್ ಬದಲಾಯಿಸಿರಲಿಲ್ಲ. ಫೋನು ಹಳೆಯದನ್ನೇ ಒತ್ತುತ್ತಿತ್ತು, ಕ್ಯಾಮೆರಾ ಬಾಗಿಲು ತೆರೆಯುತ್ತಿರಲಿಲ್ಲ. ಕೂಡಲೇ ಇಂದ್ರಮ್ಮನಿಗೆ ಫೋನು, ಇಂದ್ರಮ್ಮನ ಪಿನ್ನು, ಮತ್ತೆ ಹಳೆಯ ಪಾಸ್‌ವರ್ಡು. ಎಲ್ಲರಿಗೂ ಮಗು ಕಾಣುತ್ತಿತ್ತು, ಕೇಡಿಗೂ ಬಾಗಿಲು ಕಾಣುತ್ತಿತ್ತು. ಆ ಎಲ್ಲರಲ್ಲಿ ತನ್ನ ಗಂಡನೂ ಒಬ್ಬ. ಒಂದೇ ಮನೆಯಲ್ಲಿ ಕೂತು ನಾಲ್ಕು ದಿನ ಇದೇ ರಾಮಾಯಣ ಕೇಳಿದವನು!

ಅವಳ ಪಿತ್ತ ನೆತ್ತಿಗೇರಿತು. ಐದು ದಿನದ್ದೆಲ್ಲ ಆ ಸ್ಟೂಲಿನ ಮೇಲಿದ್ದ ಹೆಂಗಸಿನ ಮೇಲೆ ಬಿತ್ತು.

"ನಾಲ್ಕು ಸಲ ಕೇಳ್ದೆ ಅಮ್ಮ ನಿಮ್ಮನ್ನ! ಮುಟ್ಟಿದ್ರಾ ಅಂದ್ರೆ ಇಲ್ಲ, ಬದಲಾಯ್ಸಿದ್ರಾ ಅಂದ್ರೆ ಇಲ್ಲ! ನಾನು ಹುಚ್ಚಿ ಥರ ಓಡಾಡ್ತಾ ಇದ್ರೆ ಕಾಫಿ ಕೊಟ್ಕೊಂಡು ಕೂತಿದ್ರಲ್ಲ! ನಿಮ್ಮ ಮನೆ ಬಾಗಿಲು ಮುಚ್ಚಬಾರದು ಅಂತ ನಾನು ಒದ್ದಾಡ್ತಿದ್ರೆ, ನೀವೇ ಕೈಯಾರೆ ಮುಚ್ತಾ ಇದೀರಲ್ಲಮ್ಮ!"

ಹಾಲಿನಲ್ಲಿದ್ದ ಮಕ್ಕಳು ಆಟ ಬಿಟ್ಟು ನೋಡಿದವು. ಸಿಂಚನ ಅಮ್ಮನ ಮುಖ ನೋಡಿ ಅಳತೊಡಗಿದಳು. ಇಂದ್ರಮ್ಮ ಮೆಲ್ಲಗೆ ಸ್ಟೂಲಿಂದ ಇಳಿದು ಮೊದಲು ಮಗುವನ್ನು ಎತ್ತಿಕೊಂಡರು, ಅದರ ಮೂಗು ಒರೆಸಿದರು. ಆಮೇಲೆ ಮಾತಾಡಿದರು.

"ಬೈಯಿ ಕಣಮ್ಮ. ಆದ್ರೆ ನಾನು ಸುಳ್ಳೇಳಿಲ್ಲ. ನೀನು ಬದ್ಲಾಯ್ಸಿದ್ರಾ ಅಂತ ಕೇಳ್ದೆ. ನಾನು ಬದ್ಲಾಯ್ಸಿಲ್ಲ, ಮೊದ್ಲು ಎಂಗಿತ್ತೋ ಅಂಗೇ ಮಾಡ್ದೆ ಅಷ್ಟೆಯಾ. ಇದ್ನ ಹಾಕೋಕ್ ಬಂದಿದ್ದೋನೇ ಏಳ್ಕೊಟ್ಟಿದ್ದ, ಕಾಣ್ತಿಲ್ಲ ಅಂದ್ರೆ ಇಲ್ಲಿ ಚುಚ್ಚಿ ಹತ್ತು ಎಣ್ಸಿ ಅಂತ."

"ನನಗೊಂದು ಫೋನ್ ಮಾಡಿ ಕೇಳ್ಬಹುದಿತ್ತಲ್ಲ!"

"ನೀನು ಬರೋಗಂಟ ಕಾಯ್ಬೇಕಲ್ಲಮ್ಮ. ಅಷ್ಟೊತ್ತು ಕಾಣ್ದೇ ಓದ್ರೆ?" ಇಂದ್ರಮ್ಮ ಸಿಂಚನಳ ಬೆನ್ನು ತಟ್ಟುತ್ತಲೇ ಇದ್ದರು. "ಓದ್ ವರ್ಷ ಒಂದಿನ ಮಧ್ಯಾನ್ನ ಕರೆಂಟ್ ಓಗಿತ್ತು. ಒಂದ್ ಗಂಟೆ, ಜಾಸ್ತಿ ಇಲ್ಲ. ಒಬ್ರು ಓಡ್ಬಂದ್ರು. ಚಪ್ಲಿನೂ ಬುಡ್ದೆ ಒಳಕ್ ಬಂದ್ರು. ಮಲ್ಗಿದ್ದ ಮಗೀನ ಎಬ್ಸಿ, ಅಂಗಿ ಎತ್ತಿ ಬೆನ್ ನೋಡಿದ್ರು, ತೊಡೆ ನೋಡಿದ್ರು. ನನ್ನ ಏನೂ ಕೇಳ್ನಿಲ್ಲ. ಕೇಳಿದ್ರೂ ಏಳ್ತಿದ್ದೆ, ಬೈದಿದ್ರೂ ಬೈಸ್ಕೋತಿದ್ದೆ. ಒಂದ್ ಮಾತೂ ಆಡ್ದೆ ಒಂಟೋದ್ರು. ಅವತ್ತಿಂದ ಕಾಣ್ತಿಲ್ಲ ಅಂತ ಫೋನ್ ಬಂದ್ರೆ ಬ್ಯಾರೆ ಕೆಲ್ಸ ಬುಟ್ಟು ಮೊದ್ಲು ಸ್ಟೂಲ್ ಎಳೀತೀನಿ."

"ಯಾರಮ್ಮ ಅದು? ಹಾಗೆ ಮಾಡಿದ್ದು ಯಾರು?"

ಇಂದ್ರಮ್ಮ ಅವಳನ್ನೇ ಒಂದು ಗಳಿಗೆ ನೋಡಿದರು. "ಬುಡು, ಈಗ್ಯಾಕೆ," ಎಂದರು.

ಆಗ ಸುಷ್ಮಿತಾಳಿಗೆ ನೆನಪಾಯಿತು. ಏಪ್ರಿಲ್ ತಿಂಗಳು. ಆಫೀಸಿನಲ್ಲಿ ಕೂತಿದ್ದಾಗ ಫೋನಿನ ಪರದೆ ಕಪ್ಪಾಗಿತ್ತು. ಆ ಬೀದಿಯಲ್ಲಿ ಕರೆಂಟಿಲ್ಲವೆಂದು ಅವಳ ಕಂಪ್ಯೂಟರಿನಲ್ಲೇ ಕಾಣುತ್ತಿತ್ತು, ಬೇರೆ ಯಾವ ತಾಯಿಗೆ ಗೊತ್ತಿಲ್ಲದಿದ್ದರೂ ಅವಳಿಗೆ ಗೊತ್ತಿತ್ತು. ಆದರೂ ಸ್ಕೂಟರು ಹತ್ತಿ ಬಂದಿದ್ದಳು. ಮಗಳ ಅಂಗಿ ಎತ್ತಿ ನೋಡಿದ್ದಳು. ಏನೂ ಇರಲಿಲ್ಲವಾದ್ದರಿಂದ ಸಂಜೆಯ ಹೊತ್ತಿಗೆ ಆ ವಿಷಯವನ್ನೇ ಮರೆತಿದ್ದಳು. ಇಂದ್ರಮ್ಮ ಮರೆತಿರಲಿಲ್ಲ. ಸುಷ್ಮಿತಾಳಿಗೆ ನಾಚಿಕೆಯಾಯಿತು. ಬಂದ ಕೆಲಸವನ್ನಾದರೂ ಮಾಡೋಣವೆಂದು ಲ್ಯಾಪ್‌ಟಾಪಿನ ಮುಂದೆ ಕೂತಳು.

ಮೂರೂ ಕ್ಯಾಮೆರಾಗಳನ್ನು ಆರಿಸಿ ಆನ್ ಮಾಡಿ, ಮತ್ತೊಮ್ಮೆ ಪಾಸ್‌ವರ್ಡ್ ಕೊಟ್ಟಳು. ಈ ಸಲ ಅದನ್ನು ಗುಂಪಿನಲ್ಲಿ ಬರೆಯಲಿಲ್ಲ. 'ಸಂಜೆಯವರೆಗೆ ಯಾರಿಗೂ ಕ್ಯಾಮೆರಾ ಕಾಣುವುದಿಲ್ಲ. ಮಗುವನ್ನು ಕರೆದೊಯ್ಯಲು ಬಂದಾಗ ನಾನೇ ನಿಮ್ಮ ಫೋನಿಗೆ ಹಾಕಿಕೊಡುತ್ತೇನೆ. ಇಂದ್ರಮ್ಮನಿಗೆ ಫೋನ್ ಮಾಡಬೇಡಿ, ಏನಿದ್ದರೂ ನನಗೆ ಮಾಡಿ' ಎಂದು ಬರೆದಳು. ಈ ಸಲ ಹೆಬ್ಬೆರಳು ಏಳಲಿಲ್ಲ, ಫೋನುಗಳೇ ಬಂದವು. ಒಬ್ಬಳು ಸಮಾಧಾನದಿಂದ ಕೇಳಿದಳು, ಒಬ್ಬಳು ಅತ್ತಳು. ಭವ್ಯಶ್ರೀ, "ಏನ್ ಮುಚ್ಚಿಡ್ತಾ ಇದೀರಾ?" ಎಂದು ನೇರವಾಗಿಯೇ ಕೇಳಿದಳು. ಸಿದ್ದೇಶನೂ ಮಾಡಿದ.

"ನಾನು ಹೆಬ್ಬೆರಳು ಒತ್ತಿದ್ನಲ್ಲೇ!"

"ಹೆಬ್ಬೆರಳು ಒತ್ತಿದ್ರೆ ಪಾಸ್‌ವರ್ಡ್ ಬದಲಾಗುತ್ತೇನ್ರೀ?"

"ಅಲ್ಲ ಕಣೆ, ಈಗ ಮಗು ಹೇಗಿದೆ ಅಂತ ಗೊತ್ತಾಗೋದು ಹೇಗೆ?"

ಎದುರಿಗೇ ಸಿಂಚನ ಇಂದ್ರಮ್ಮನ ತೊಡೆಯ ಮೇಲೆ ಕೂತು ಸಾರನ್ನ ತಿನ್ನುತ್ತಿದ್ದಳು. "ಊಟ ಮಾಡ್ತಿದಾಳೆ," ಎಂದು ಫೋನಿಟ್ಟಳು.

ಮಧ್ಯಾಹ್ನವೆಲ್ಲ ಅವಳು ಅಲ್ಲಿಂದ ಕದಲಲಿಲ್ಲ. ಇಂದ್ರಮ್ಮನ ಫೋನು ಎರಡು ಸಲ ಹೊಡೆದುಕೊಂಡಿತು. ಎರಡು ಸಲವೂ ಅವರ ಬಲಗೈ ತಾನಾಗಿಯೇ ಬಳೆಯ ಕಡೆಗೆ ಹೋಯಿತು, ಎರಡು ಸಲವೂ ಸುಷ್ಮಿತಾ ಫೋನು ಇಸಿದುಕೊಂಡು ತಾನೇ ಮಾತಾಡಿದಳು. ಐದಕ್ಕೆ ಹತ್ತು ನಿಮಿಷವಿದ್ದಾಗ ಶಿವಶಂಕರ್ ಫೋನ್ ಮಾಡಿದರು. "ನಿಂತಿದೆ ಕಣ್ರೀ, ಬೆಂಗಳೂರಿಗೂ ಹೇಳಿದೆ, ಕೀಳಲ್ಲ ಅಂದ್ರು," ಎಂದರು. ಅವಳಿಗೆ ಸಂತೋಷವಾಗಬೇಕಿತ್ತು. ಆಗಿದ್ದು ಸುಸ್ತು. ಮಾಧವ ಇದ್ದಾನಾ ಎಂದು ಕೇಳಿದಳು. ಅವನು ರಾಜೀವನಗರದಲ್ಲಿ ಯಾವುದೋ ಲೈನ್ ನೋಡಲು ಹೋಗಿದ್ದನಂತೆ, ನಾಳೆ ನೋಡಿದರಾಯಿತು ಎಂದುಕೊಂಡಳು.

ಐದೂವರೆಯಿಂದ ತಾಯಂದಿರು ಒಬ್ಬೊಬ್ಬರಾಗಿ ಬಂದರು. ಸುಷ್ಮಿತಾ ಗೇಟಿನಲ್ಲಿ ನಿಂತು ಒಬ್ಬೊಬ್ಬರ ಫೋನನ್ನೂ ಕೈಗೆ ತೆಗೆದುಕೊಂಡು ಹಳೆಯದನ್ನು ಅಳಿಸಿ ಹೊಸದನ್ನು ಹಾಕಿಕೊಟ್ಟಳು. ಇನ್ನು ಮೇಲೆ ಕಾಣದಿದ್ದರೆ ನನ್ನ ಕೇಳಿ, ಅವರನ್ನು ಕೇಳಬೇಡಿ ಎಂದು ಹತ್ತು ಸಲ ಹೇಳಿದಳು. ಕೆಲವರು ಮಗುವಿನ ಕೈಕಾಲು ಸವರಿ ನೋಡಿಯೇ ಚಪ್ಪಲಿ ಹಾಕಿಸಿದರು. ಅದನ್ನು ನೋಡಲಾಗದೆ ಸುಷ್ಮಿತಾ ಫೋನಿನತ್ತ ಬಗ್ಗಿಕೊಂಡಳು. ಭವ್ಯಶ್ರೀ ಮಾತ್ರ ಫೋನನ್ನು ಚೀಲದಿಂದ ತೆಗೆಯಲೇ ಇಲ್ಲ. ಬರುವ ಸೋಮವಾರದಿಂದ ಮಗುವನ್ನು ಬಿಡಲು ಬೇರೆ ಕಡೆ ನೋಡಿಕೊಂಡಿದ್ದೇನೆ ಎಂದು ಹೇಳಿ, ಮಗನ ದಿಂಬು, ಹೊದಿಕೆ, ತಟ್ಟೆ ಎಲ್ಲ ಕೇಳಿ ತೆಗೆದುಕೊಂಡು ಹೋದಳು. ಇಂದ್ರಮ್ಮ ತಟ್ಟೆಯನ್ನು ತೊಳೆದು ಒರೆಸಿ ಕೊಟ್ಟರು.

ಎಲ್ಲರೂ ಹೋದ ಮೇಲೆ ಹಾಲಿನಲ್ಲಿ ಉಳಿದವರು ಮೂವರೇ. ಸಿಂಚನ ಚಾಪೆಯ ಮೇಲೆ ಮಲಗಿ ನಿದ್ದೆ ಹೋಗಿದ್ದಳು. ಇಂದ್ರಮ್ಮ ಗೋಡೆಗೆ ಒರಗಿ ಕೂತು, ಸೆರಗಿನಿಂದ ಒರೆಸಿದ ತಮ್ಮ ಫೋನನ್ನು ಮುಂದೆ ಚಾಚಿದರು.

"ನಂಗೂ ಒಸಿ ಆಕ್ಕೊಡು ಕಣಮ್ಮ. ನೀವೆಲ್ಲ ದಿನಾ ಏನ್ ನೋಡ್ತೀರಿ ಅಂತ ನಾನೂ ನೋಡ್ತೀನಿ."

ಎರಡು ವರ್ಷದಲ್ಲಿ ಅವರ ಫೋನಿಗೆ ಅದನ್ನು ಹಾಕಿಕೊಡಬೇಕೆಂದು ಹನ್ನೊಂದು ಮಂದಿ ತಾಯಂದಿರಲ್ಲಿ ಒಬ್ಬಳಿಗೂ ಹೊಳೆದಿರಲಿಲ್ಲ. ಸುಷ್ಮಿತಾ ಅವರ ಪಕ್ಕದಲ್ಲೇ ಕೂತು ಹಾಕಿಕೊಟ್ಟಳು. ಹಾಲು ಕಾಣಿಸಿತು, ಮೇಲಿನಿಂದ. ಚಾಪೆಗಳು, ಚೆಲ್ಲಿದ ಆಟದ ಸಾಮಾನು, ಮಲಗಿದ ಮಗು, ಗೋಡೆಯ ಬುಡದಲ್ಲಿ ಫೋನಿನ ಮೇಲೆ ಬಗ್ಗಿದ ಎರಡು ತಲೆ.

ಇಂದ್ರಮ್ಮ ಫೋನನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಈ ಬಿಳೀ ಬೈತಲೆ ನಂದೇನಾ?"

"ಹೂಂ ಅಮ್ಮ."

"ಮಕ್ಳಿಗೆ ಉಣ್ಸುವಾಗ್ಲೂ ಇಷ್ಟೇಯಾ ಕಾಣೋದು?"

"ಇಷ್ಟೇ."

ಇಂದ್ರಮ್ಮ ಪರದೆಯ ಮೇಲಿನ ಆ ಬೈತಲೆಯನ್ನು ಬೆರಳಿನಿಂದ ಮುಟ್ಟಿದರು.

"ಎರಡು ವರ್ಸ ನೋಡಿದ್ರಲ್ಲಮ್ಮ," ಎಂದರು, "ಇದ್ರಾಗೆ ನನ್ ಮಖಾನೇ ಕಾಣಕಿಲ್ವಲ್ಲ."